ಬಣ್ಣ ಹೊಡೆಯದ ಹಸು

ಕೇಳುಗರೆಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಪ್ಲಾಸ್ಟಿಕ್ ಕಸದಿಂದ ಪ್ರಾಣಿಗಳ ಗೊಂಬೆ ಮಾಡಿಸುವ ಮಾಸ್ತರರೇ, ಟೀಚರುಗಳೇ, ನಿಮಗೆ ನನ್ನದು ಒಂದೇ ಮಾತು. ಅದಕ್ಕೆ ಬಣ್ಣ ಹೊಡೆಯಬೇಡಿ.

ನಮ್ಮ ಕೊಪ್ಪಳದ ಕಿನ್ನಾಳ ಗೊಂಬೆ ನೋಡಿದ್ದೀರಲ್ಲ? ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಹಾಕಿ, ಮೇಲೆ ಝಗಝಗ ಬಣ್ಣ ಕೊಡುತ್ತಾರೆ. ಅಲ್ಲಿ ಮರ ಕಾಣಬಾರದು, ದೇವರು ಕಾಣಬೇಕು. ಪ್ಲಾಸ್ಟಿಕ್ ಗೊಂಬೆಯಲ್ಲಿ ಕಸವೇ ಕಾಣಬೇಕು.

ಮೊದಲ ವರ್ಷ ನಾನೂ ಬಾಟಲಿಗಳ ಆನೆ ಮಾಡಿಸಿ ಬೂದು ಬಣ್ಣ ಹೊಡೆಸಿದ್ದೆ. ಊರವರು ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ಅಷ್ಟೇ. ಮರುವರ್ಷ ಹಸು ಮಾಡಿದೆವು. ಕಬ್ಬಿಣದ ಸರಳು, ಬೈಂಡಿಂಗ್ ತಂತಿ, ಮೈಗೆಲ್ಲ ಹಾಲಿನ ಪಾಕೀಟು. ಹೊಟ್ಟೆಯ ಒಂದು ಮಗ್ಗುಲು ತೆರೆದೇ ಬಿಟ್ಟೆವು. ಒಳಗೆ ಮಕ್ಕಳು ಓಣಿಯಲ್ಲಿ ಆರಿಸಿ ತಂದ ಕ್ಯಾರಿಬ್ಯಾಗು, ಗುಟ್ಕಾ ಚೀಟಿ, ಶಾಂಪೂ ಚೀಟಿ.

ಒಬ್ಬ ಅಜ್ಜಿ ಬಂದರು. ರೂಢಿಯಂತೆ ಹಸುವಿನ ಮೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಗ್ಗಿ ಹೊಟ್ಟೆಯೊಳಗೆ ನೋಡಿದರು. ಅಲ್ಲೊಂದು ಹಳದಿ ಚೀಲ. ತಳ ಹರಿದಿತ್ತು, ಮೇಲಿನ ಎರಡು ಗಂಟು ಮಾತ್ರ ಬಿಗಿಯಾಗೇ ಇದ್ದವು. ಗಂಟಿನ ಸಂದಿಯಲ್ಲಿ ಅನ್ನದ ಅಗುಳು ಒಣಗಿ ಅಂಟಿತ್ತು. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಮಾಸ್ತರ್ರ, ಈ ಗಂಟು ನಂದ ಐತ್ರಿ" ಅಂದರು. ಮುಸುರಿ ಇಡುವಾಗ ಇರುವೆ ಹತ್ತಬಾರದೆಂದು ಹಾಗೆ ಎರಡು ಗಂಟು ಹಾಕುತ್ತಿದ್ದರಂತೆ. ದನ ತಿನ್ನಲಿ ಎಂದೇ ಇಟ್ಟದ್ದು! ದನಕ್ಕೆ ಗಂಟು ಬಿಚ್ಚಲು ಬರುತ್ತದಾ? ಚೀಲದ ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಸಗಣಿಯಲ್ಲೂ ಹೋಗುವುದಿಲ್ಲ. ಮೊದಲ ಹೊಟ್ಟೆಯಲ್ಲೇ ಉಂಡೆಗಟ್ಟಿ ಕೂರುತ್ತದೆ. ಇದ್ಯಾವುದನ್ನೂ ನಾನು ಹೇಳಬೇಕಾಗಲಿಲ್ಲ. ಅಜ್ಜಿ ಆ ಚೀಲ ಬಿಚ್ಚಿಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಮೇಲೆ ಬಣ್ಣ ಬಿದ್ದಿದ್ದರೆ ಅವರಿಗೆ ತಮ್ಮ ಗಂಟು ಗುರುತು ಸಿಗುತ್ತಿತ್ತಾ, ನೀವೇ ಹೇಳಿ.

2018ರಲ್ಲಿ ಬೆಲ್ಜಿಯಂ ದೇಶದ ಬ್ರೂಜ್ ಊರಿನ ಕಾಲುವೆಯಲ್ಲಿ ಸುಮಾರು 5 ಟನ್ ಪ್ಲಾಸ್ಟಿಕ್ಕಿನ ತಿಮಿಂಗಿಲ ನಿಲ್ಲಿಸಿದ್ದರು. ಅದರಲ್ಲೂ ಸಮುದ್ರದಿಂದ ತೆಗೆದ ಪ್ಲಾಸ್ಟಿಕ್ಕು ಇದ್ದ ಹಾಗೇ ಕಾಣುತ್ತಿತ್ತು. ಆದರೆ ಸುಮ್ನೆ ತಿಮಿಂಗಿಲ ಮಾಡಲು ಹೋಗಬೇಡಿ, ನಮ್ಮ ಮಕ್ಕಳು ಅದನ್ನು ಕಂಡಿಲ್ಲ. ಕಂಪ್ಲಿ ತನಕದ ತುಂಗಭದ್ರಾ ಹೊಳೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲಿಟ್ಟಿದ್ದಾರೆ. ಕಂಪ್ಲಿ ಕಡೆಯವರು ನೀರುನಾಯಿ ಮಾಡಿ. ಹೊಳೆದಂಡೆಯಲ್ಲಿ ಬಿದ್ದ ಹರಕು ಬಲೆಯೇ ಸಾಕು. ಬಲೆಗೂ ಬಣ್ಣ ಬೇಡ.

ಸಮಯ ಆಗಿಬಿಟ್ಟಿತು. ಇನ್ನೆರಡು ಮಾತು. ತಂತಿಯ ತುದಿ ಒಳಕ್ಕೆ ಮಡಚಿ, ಮಕ್ಕಳ ಕೈ ಹರಿಯುತ್ತದೆ. ಗೊಂಬೆಯನ್ನು ಬಯಲಲ್ಲಿ ವರ್ಷಗಟ್ಟಲೆ ಬಿಡಬೇಡಿ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ಕು ಪುಡಿಯಾಗಿ ಹೊಲ ಸೇರುತ್ತದೆ. ನೋಡುವವರೆಲ್ಲ ನೋಡಿದ ಮೇಲೆ ಬಿಚ್ಚಿ ಗುಜರಿಗೆ ಕೊಡಿ. ಬಣ್ಣ ಇಲ್ಲದಿದ್ದರೆ ಬಾಟಲಿ, ಹಾಲಿನ ಪಾಕೀಟುಗಳನ್ನು ಅವರೂ ಖುಷಿಯಿಂದ ತೆಗೆದುಕೊಳ್ಳುತ್ತಾರೆ. ನಮಸ್ಕಾರ.