ಮೇ ಕೊನೆಯ ಕಾಡು ಟರ್ಕಿ ಕೋಳಿ ಬೇಟೆ: ಹನ್ನೊಂದು ಗಂಟೆ ಹುಂಜ, ಹತ್ತು ಡಾಲರ್ ತೋಟಾ

ಕ್ಯಾಮೆರಾ ಮರದ ಬುಡದಲ್ಲಿಟ್ಟಿದೆ, ಅದಕ್ಕೇ ಫ್ರೇಮಲ್ಲಿ ಅರ್ಧ ಬೂಟೇ ಕಾಣ್ತಿದೆ. ಇರ್ಲಿ ಬಿಡಿ. ಅಮೆರಿಕದ ಪೆನ್ಸಿಲ್ವೇನಿಯಾ, ಸ್ಟೇಟ್ ಗೇಮ್ ಲ್ಯಾಂಡ್ ಅಂದ್ರೆ ಬೇಟೆಗೆ ಬಿಟ್ಟಿರೋ ಸರ್ಕಾರಿ ಜಾಗ, ಓಕ್ ಕಾಡು, ಮೇ ಕೊನೆ ವಾರ, ಬೆಳಗ್ಗೆ ಹತ್ತೂವರೆ. ಪಾರ್ಕಿಂಗ್ ಖಾಲಿ ಹೊಡೀತಿದೆ, ನೋಡಿದ್ರಲ್ಲ. ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಸೀಸನ್ ಶುರುವಾದ ದಿನ ಇಲ್ಲಿ ಗಾಡಿ ನಿಲ್ಸೋಕೆ ಜಾಗ ಇರಲ್ಲ. ಮೊದಲ ವಾರಾನೇ ಬೇಟೆ, ಆಮೇಲೆ ಏನೂ ಸಿಗಲ್ಲ ಅನ್ನೋರ ಮಾತು ನಂಬ್ಬೇಡಿ. ಕೊನೆ ವಾರಾನೇ ವಾಸಿ. ಸರಿ, ಸೊಳ್ಳೆ ಬಿಟ್ಟು ವಾಸಿ.

ಯಾಕೆ ಅಂತ ಹೇಳ್ತೀನಿ. ಹೇಂಟೆ ದಿನಕ್ಕೆ ಒಂದರ ಹಾಗೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತೆ. ಇಡೋ ದಿನಗಳಲ್ಲಿ ಬೆಳಗ್ಗೆ ಹುಂಜದ ಜೊತೇನೇ ಓಡಾಡ್ಕೊಂಡಿರುತ್ತೆ. ಅಂಥಾ ಟೈಮಲ್ಲಿ ನೀವು ಹೇಂಟೆ ದನೀಲಿ ಎಷ್ಟೇ ಚೆನ್ನಾಗಿ ಕೂಗಿದ್ರೂ ಹುಂಜ ಬರಲ್ಲ, ಪಕ್ಕದಲ್ಲೇ ನಿಜವಾದ್ದು ಇದ್ಯಲ್ಲ. ಮೊಟ್ಟೆ ಪೂರ್ತಿಯಾದ ಮೇಲೆ ಕಾವಿಗೆ ಕೂತ್ರೆ ಇಪ್ಪತ್ತೆಂಟು ದಿನ. ಮೇಯೋಕೆ, ನೀರಿಗೆ ಅಂತ ಸ್ವಲ್ಪ ಹೊತ್ತು ಏಳುತ್ತೆ ಅಷ್ಟೆ. ಮೇ ಕೊನೆಗೆ ಬಹಳಷ್ಟು ಹೇಂಟೆ ಗೂಡಲ್ಲೇ. ಹುಂಜ ಮರದಿಂದ ಇಳಿದು ಒಂದು ಸುತ್ತು ಹಾಕಿ, ಯಾರೂ ಇಲ್ಲ ಅಂತ ಗೊತ್ತಾಗಿ, ಹತ್ತು ಗಂಟೆ ಹೊತ್ತಿಗೆ ಹುಡುಕೋಕೆ ಶುರು ಮಾಡುತ್ತೆ. ಹತ್ತರಿಂದ ಎರಡರವರೆಗೆ ಕೂರ್ಬೇಕು. ಬಹಳ ಜನ ಒಂಬತ್ತಕ್ಕೇ ಎದ್ದು ತಿಂಡಿಗೆ ಹೋಗ್ತಾರೆ, ಹೋಗ್ಲಿ.

ಈ ರಾಜ್ಯದಲ್ಲಿ ಕಾನೂನೂ ಹಾಗೇ ಇದೆ. ಸೀಸನ್ನಿನ ಮೊದಲ ಭಾಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೇಟೆ ಬಂದ್. ಗೂಡಿನ ಹೇಂಟೆಗೆ ತೊಂದರೆ ಆಗದಿರ್ಲಿ ಅಂತ. ಮೇ ಮಧ್ಯ ದಾಟಿದ ಮೇಲೆ ಸೂರ್ಯ ಮುಳುಗಿ ಅರ್ಧ ಗಂಟೆವರೆಗೂ ಇಡೀ ದಿನ ಬಿಡ್ತಾರೆ. ಗಡ್ಡ, ಅಂದ್ರೆ ಎದೆಯಿಂದ ಜೋತಿರೋ ಕೂದಲಿನಂಥ ಗೊಂಚಲು, ಇರೋ ಹಕ್ಕಿಗೆ ಮಾತ್ರ ಗುಂಡು. ಕೂಗಿ ಕರೆದು ಹೊಡೀಬೇಕು, ತೆವಳ್ಕೊಂಡು ಹಿಂದೆ ಬೀಳೋ ಹಾಗಿಲ್ಲ. ಮಲೆನಾಡಲ್ಲಿ ಮರದ ಮೇಲೆ ಅಡಗಿ ಕಾಯೋದಕ್ಕೆ ಮರಸು ಕೂರೋದು ಅಂತಿದ್ರಲ್ಲ, ನೆಲದ ಮೇಲೆ ಅದೇ ಕೆಲಸ.

ಈ ಶಾಟಲ್ಲಿ ಕೂತ ಮರ ನೋಡಿ. ಭುಜಕ್ಕಿಂತ ಅಗಲ ಇದೆ. ಬೆನ್ನಿಗೆ ಅಂಥಾ ಮರಾನೇ ಬೇಕು, ಯಾಕಂದ್ರೆ ನಿಮ್ಮ ಕೂಗು ಕೇಳಿ ಇನ್ನೊಬ್ಬ ಬೇಟೆಗಾರ ಹಿಂದಿಂದ ಬರಬಹುದು. ಬಂದ್ರೆ ಕೈ ಬೀಸ್ಬೇಡಿ, ಟರ್ಕಿ ಹಾಗೆ ಕೂಗ್ಬೇಡಿ, ಅಲ್ಲಾಡದೆ ಗಟ್ಟಿಯಾಗಿ ಮನುಷ್ಯನ ದನೀಲಿ ಮಾತಾಡಿ. ಕೆಂಪು, ಬಿಳಿ, ನೀಲಿ ಮೈಮೇಲೆ ಎಲ್ಲೂ ಬೇಡ, ಕಾಲುಚೀಲಾನೂ ಸೇರಿ. ಆ ಮೂರೂ ಹುಂಜದ ತಲೆಯ ಬಣ್ಣ. ಡಿಕಾಯ್, ಅಂದ್ರೆ ಹುಂಜನ್ನ ಸೆಳೆಯೋ ನಕಲಿ ಟರ್ಕಿ, ಹೊತ್ಕೊಂಡು ಹೋಗುವಾಗ ಚೀಲದೊಳಗೇ ಇರ್ಬೇಕು.

ಡಿಕಾಯ್ ಒಂದೇ, ಹೇಂಟೆದು, ಹದಿನೈದು ಇಪ್ಪತ್ತು ಗಜದಲ್ಲಿ. ರೆಕ್ಕೆ ಕೆದರಿ ನಿಂತಿರೋ ಗಂಡು ಡಿಕಾಯ್ ಸೀಸನ್ ಶುರುವಲ್ಲಿ ಸರಿ. ಈಗ ಉಳಿದಿರೋ ಹುಂಜಗಳು ತಿಂಗಳುಗಟ್ಟಲೆ ಒದೆ ತಿಂದಿರ್ತವೆ, ಇನ್ನೊಂದು ಗಂಡು ಕಂಡ್ರೆ ದೂರದಿಂದಲೇ ವಾಪಸ್. ಡಿಕಾಯ್ ಇಡದೇ ಇದ್ರೂ ನಡೆಯುತ್ತೆ, ನಿಜ ಹೇಳ್ಬೇಕಂದ್ರೆ ಇಡದೇ ಇರೋದೇ ಮೇಲು. ಕೂಗಿನ ಜಾಗಕ್ಕೆ ಬಂದು ಹೇಂಟೆ ಎಲ್ಲಿ ಅಂತ ಹುಡುಕುತ್ತೆ, ಹುಡುಕೋ ಹುಂಜ ಕತ್ತು ಉದ್ದ ಮಾಡುತ್ತೆ. ಇಲ್ಲಿ ಇಟ್ಟಿರೋದು ಕ್ಯಾಮೆರಾಗೋಸ್ಕರ.

ಎಲೆ ಪೂರ್ತಿ ಬಿಟ್ಟಿದೆ, ಅದರಿಂದ ಶಬ್ದದ ಲೆಕ್ಕ ತಪ್ಪುತ್ತೆ. ಏಪ್ರಿಲ್‌ನ ಬೋಳು ಕಾಡಲ್ಲಿ ಇನ್ನೂರು ಗಜದ ಕೂಗು ಹೇಗೆ ಕೇಳ್ತಿತ್ತೋ, ಈಗ ನೂರು ಗಜದ್ದು ಹಾಗೆ ಕೇಳುತ್ತೆ. ಇನ್ನೂ ಹತ್ತಿರ ಹೋಗೋಣ ಅಂತ ಎದ್ರೆ ಹಕ್ಕಿ ಮುಖಕ್ಕೇ ಸಿಗೋದು. ಕೇಳಿದ ಕಡೆಯೇ ಕೂತ್ಬಿಡಿ.

ಕೂಗೋದು ಕಮ್ಮಿ ಮಾಡಿ. ಸೀಸನ್ ಪೂರ್ತಿ ಪ್ರತಿ ಗುಡ್ಡದಿಂದ ಬಾಕ್ಸ್ ಕಾಲ್ (ಮುಚ್ಚಳ ಉಜ್ಜಿ ಹೇಂಟೆ ದನಿ ತೆಗೆಯೋ ಮರದ ಡಬ್ಬಿ) ಕೇಳಿ ಕೇಳಿ ಅವಕ್ಕೆ ಅನುಮಾನ ಹತ್ತಿರುತ್ತೆ. ಸ್ಲೇಟ್ ಕಾಲ್, ಅಂದ್ರೆ ಕಡ್ಡಿಯಿಂದ ಉಜ್ಜೋ ಸ್ಲೇಟಿನ ಬಿಲ್ಲೆ, ತಗೊಂಡು ಮೂರು ನಾಲ್ಕು ಮೆಲ್ಲನೆಯ ಯೆಲ್ಪ್, ಎರಡು ಕ್ಲಕ್, ಸ್ವಲ್ಪ ಪರ್ರ್, ಹೀಗೆ ಹೇಂಟೆ ದನಿ ಅನ್ಸಿ, ಕೈಯಿಂದ ಒಣಗಿದ ಎಲೆ ಕೆದಕಿ. ಕೆದಕೋದಕ್ಕೂ ಒಂದು ತಾಳ ಇದೆ, ಕೆರೆತ, ಕೆರೆತ-ಕೆರೆತ, ಕೆರೆತ, ಆಮೇಲೆ ನಿಲ್ಸಿ. ಮುಂದಿನ ಕೂಗು ಇಪ್ಪತ್ತು ನಿಮಿಷ ಬಿಟ್ಟು. ಸ್ಲೇಟ್ ಮೇಲೆ ಬೆರಳು ಇಡ್ಬೇಡಿ, ಕೈ ಎಣ್ಣೆ ತಗುಲಿದ್ರೆ ಕಡ್ಡಿ ಜಾರುತ್ತೆ, ದನಿ ಬರಲ್ಲ. ಜಾರಿದ್ರೆ ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರಲ್ಲಿ ಒಂದೇ ದಿಕ್ಕಿಗೆ ಉಜ್ಜಿ. ಗಾಜಿನದಾದ್ರೆ ಮರಳು ಕಾಗದ. ಬಾಕ್ಸ್ ಕಾಲ್ ಒದ್ದೆಯಾದ್ರೆ ಮುಗೀತು, ಬ್ರೆಡ್ ಬರೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದೊಳಗೇ ಆಡಿಸಬಹುದು.

ಇಲ್ಲೊಂದು ಹತ್ತು ನಿಮಿಷ ಏನೂ ಆಗಲ್ಲ. ಅಷ್ಟರಲ್ಲಿ ಈ ತೋಟಾ ವಿಷಯ ಮಾತಾಡೋಣ.

ಕೈಯಲ್ಲಿರೋದು ಟಂಗ್‌ಸ್ಟನ್ ಸೂಪರ್ ಶಾಟ್, ಟಿಎಸ್ಎಸ್. ಐದು ತೋಟಾದ ಒಂದು ಡಬ್ಬಿ. ಒಂದೊಂದು ತೋಟಾ ಹತ್ತು ಡಾಲರ್ ದಾಟುತ್ತೆ. ಒಂದು ಈಡಿಗೆ ಒಂಬೈನೂರು ರೂಪಾಯಿ ಮೇಲೆ! ಸೀಸದ ತೋಟಾ ಎರಡು ಮೂರು ಡಾಲರ್‌ಗೆ ಸಿಗುತ್ತೆ. ಹಗಲು ದರೋಡೆ ಅಂತ ಅನ್ಸುತ್ತಾ? ಅನ್ಸುತ್ತೆ. ಆದ್ರೆ ಲೆಕ್ಕ ನೋಡಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಹನ್ನೊಂದು ಗ್ರಾಂ, ಇದರದ್ದು ಹದಿನೆಂಟು. ಭಾರ ಜಾಸ್ತಿ ಇರೋದ್ರಿಂದ ಚರೆ, ಅಂದ್ರೆ ತೋಟಾ ಒಳಗಿನ ಸಣ್ಣ ಗುಂಡು, ಸಣ್ಣದಿದ್ರೂ ಒಳಗೆ ಇಳಿಯುತ್ತೆ. ನಂಬರ್ ಹೆಚ್ಚಾದಷ್ಟು ಚರೆ ಸಣ್ಣದು, ಆದ್ರೂ ಒಂಬತ್ತನೇ ನಂಬರ್ ಟಿಎಸ್ಎಸ್ ಚರೆ ಸೀಸದ ಐದನೇ ನಂಬರಿನ ಕೆಲಸ ಮಾಡುತ್ತೆ. ಸೀಸದ ಐದನೇ ನಂಬರ್ ಒಂದು ಔನ್ಸಿಗೆ ಸುಮಾರು 170 ಚರೆ, ಇದು 360ರ ಆಸುಪಾಸು. 12 ಬೋರ್‌ನ ಒಂದೂ ಮುಕ್ಕಾಲು ಔನ್ಸಿನ ತೋಟಾದಲ್ಲಿ ಆರುನೂರ ಮೂವತ್ತು ಚರೆ, ಸೀಸದಲ್ಲಾದ್ರೆ ಮುನ್ನೂರೂ ಇಲ್ಲ. ಇನ್ನೂ ಮಜಾ ಅಂದ್ರೆ, .410 ಅನ್ನೋ ಸಣ್ಣ ಕೋವಿಯ ಕಿರುಬೆರಳು ಗಾತ್ರದ ತೋಟಾದಲ್ಲೂ ಇನ್ನೂರ ತೊಂಬತ್ತು ಹಿಡಿಯುತ್ತೆ. ಸೀಸದ 12 ಬೋರ್ ಎಷ್ಟೋ, ಅದೂ ಅಷ್ಟೇ. ಭುಜಕ್ಕೆ ಒದೆಯೂ ಇಲ್ಲ.

ಸರಿ, ಹಾಗಾದ್ರೆ ಬೆಲೆ ನ್ಯಾಯಾನಾ? ಇಲ್ಲ. ಸಿಟ್ಟು ಬರೋದು ಬೇಟೆಯಲ್ಲಿ ಅಲ್ಲ, ಟೆಸ್ಟ್ ಮಾಡುವಾಗ. ಹೊಸ ಕೋವಿ, ಹೊಸ ಚೋಕ್ (ಚರೆ ಹರಡದ ಹಾಗೆ ಬಿಗಿ ಮಾಡೋ ನಳಿಗೆ ತುದಿ), ಹೊಸ ತೋಟಾ, ಇದರಲ್ಲಿ ಯಾವುದು ಬದಲಾದ್ರೂ ಕಾಗದಕ್ಕೆ ಹೊಡೆದು ನೋಡ್ಲೇಬೇಕು. ನಲವತ್ತು ಗಜ, ಹತ್ತು ಇಂಚಿನ ವೃತ್ತ, ಒಳಗೆ ಕನಿಷ್ಠ ನೂರು ಚರೆ. ಒಂದು ಈಡು ನಂಬೋಕಾಗಲ್ಲ, ಮೂರು ಬೇಕು, ಮೂವತ್ತು ಡಾಲರ್ ಹೊಗೆ. ಒಂದು ಉಪಾಯ ಇದೆ. ಮೊದಲು ಪಾರಿವಾಳಕ್ಕೆ ಹೊಡೆಯೋ ಅಗ್ಗದ ತೋಟಾದಲ್ಲಿ ಗುರಿ ಎಡ ಬಲ ಸರಿ ಮಾಡ್ಕೊಂಡು, ಕೊನೆಗೆ ಮಾತ್ರ ದುಬಾರಿದು ಹೊಡೀರಿ. ಆಮೇಲೆ ಹದಿನೈದು ಗಜದಲ್ಲೂ ಒಂದು ಹೊಡೆದು ನೋಡಿ. ಬಿಗಿ ಚೋಕಲ್ಲಿ ಅಷ್ಟು ಹತ್ತಿರ ಚರೆ ಮುಷ್ಟಿಯಷ್ಟೇ ಹರಡುತ್ತೆ, ತಲೆ ಒಂದು ಚೂರು ಅಲ್ಲಾಡಿದ್ರೂ ಗುರಿ ತಪ್ಪುತ್ತೆ. ಜನ ದೂರದ್ದನ್ನ ತಪ್ಪಿಸೋದಕ್ಕಿಂತ ಹತ್ತಿರದ್ದನ್ನ ತಪ್ಪಿಸಿ ತಲೆ ಚಚ್ಕೊಳ್ಳೋದೇ ಜಾಸ್ತಿ.

ಇನ್ನೊಂದು ತಲೆನೋವು. ತೋಟಾ ದುಬಾರಿ ಅಂತ ಅದಕ್ಕೆ ಅರವತ್ತು ಗಜದ ಶಕ್ತಿ ಇದೆ ಅಂತ ನಂಬೋರು ಇದ್ದಾರೆ. ಚರೆಗೆ ಶಕ್ತಿ ಇರಬಹುದು, ಎಲೆ ಮಧ್ಯೆ ದೂರ ಅಳೆಯೋ ಕಣ್ಣಿಗೆ ಇರಲ್ಲ. ಗಾಯಗೊಂಡು ಓಡಿದ ಹಕ್ಕಿ ಈ ಹಸಿರಲ್ಲಿ ಸಿಗಲ್ಲ. ನಲವತ್ತಕ್ಕೆ ನಿಲ್ಸಿ. ನಲವತ್ತೇ ಆದ್ರೆ ಸೀಸವೇ ಸಾಕಲ್ಲ ಅಂತೀರಾ? ಸಾಕು. ನಾನೇ ಈಗ ನನ್ನ ಮಾತಿಗೆ ವಿರುದ್ಧ ಹೇಳ್ತಿದ್ದೀನಿ, ಗೊತ್ತು.

ಬೆಲೆಗೆ ಕಾರಣ? ಪ್ರಪಂಚದ ಟಂಗ್‌ಸ್ಟನ್‌ನಲ್ಲಿ ಬಹುಪಾಲು ತೆಗೆಯೋದು ಚೀನಾ, 2025ರ ಫೆಬ್ರವರಿಯಿಂದ ರಫ್ತಿಗೆ ಕಡಿವಾಣ ಬೇರೆ ಹಾಕಿದೆ. ಆದ್ರೂ ಒಂದು ಪಾಲಿಗೆ ಬೇಜಾರಿಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ತೋಟಾ ಮೇಲೆ, ಉದ್ದ ನಳಿಗೆ ಕೋವಿ ಮೇಲೆ ತಯಾರಕರು ಶೇಕಡಾ 11 ತೆರಿಗೆ ಕಟ್ತಾರೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ಹಕ್ಕಿ ಎಷ್ಟೋ ರಾಜ್ಯಗಳಲ್ಲಿ ಪೂರ್ತಿ ಅಳಿದಿತ್ತು. ಬಲೆ ಹಾರಿಸಿ ಹಿಡಿದು, ಇಲ್ಲದ ಕಡೆ ತಗೊಂಡು ಹೋಗಿ ಬಿಟ್ಟು, ಈಗ ಲಕ್ಷಗಳಲ್ಲಿದೆ. ಆ ಹಣದ ಪಾಲು ಅದರಲ್ಲಿದೆ. ಹಾಗಾಗಿ ಹತ್ತು ಡಾಲರ್‌ನಲ್ಲಿ ಆ ಒಂದು ಚೂರಿಗೆ ಕ್ಷಮೆ, ಮಿಕ್ಕಿದ್ದಕ್ಕೆ ಇಲ್ಲ.

ತಡೀರಿ, ಬಲಗಡೆ ಮೂಲೆ ನೋಡಿ. ಕೂಗೇ ಇಲ್ಲ, ಸದ್ದಿಲ್ಲದೆ ಬಂದಿದೆ. ಕೊನೆ ವಾರದಲ್ಲಿ ಹೀಗೇ. ಇಯರ್‌ಫೋನ್ ಹಾಕಿದ್ರೆ ಒಂದು ಸಣ್ಣ ಉಗುಳಿದ ಸದ್ದು, ಹಿಂದೇನೇ ಗುಮ್ಮ್ ಅಂತ ನಡುಗೋ ದನಿ ಕೇಳುತ್ತೆ. ಅದು ಎದೆಯಿಂದ ಬರೋದು, ಕೇಳಿಸ್ತು ಅಂದ್ರೆ ಹಕ್ಕಿ ಬಹಳ ಹತ್ತಿರ. ತಲೆ ನೋಡಿ, ನೆತ್ತಿ ಸುಣ್ಣದ ಬಿಳಿ, ಕೆನ್ನೆ ನೀಲಿ, ಕತ್ತಿನ ಜೋಲು ಕೆಂಪು, ಕೊಕ್ಕಿನ ಮೇಲಿಂದ ಮಾಂಸದ ಎಳೆ ಒಂದು ಪಕ್ಕಕ್ಕೆ ಜೋತಿದೆ. ಬಾಲದ ಬೀಸಣಿಗೆ ಪೂರ್ತಿ ಸಮ, ದೊಡ್ಡ ಹುಂಜ. ಮಧ್ಯದ ಗರಿ ಉದ್ದ, ಪಕ್ಕದ್ದು ಗಿಡ್ಡ ಇದ್ರೆ ಒಂದು ವರ್ಷದ ಪಡ್ಡೆ. ನವಿಲೂ ಇದೂ ಒಂದೇ ಕುಟುಂಬ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಈ ವಿಡಿಯೋ ನೋಡಿ ಅಲ್ಲಿ ಯಾರೂ ಕೋವಿ ಎತ್ಕೊಂಡು ಹೊರಡ್ಬೇಡಿ.

ರೆಕ್ಕೆ ಕೆದರಿ ನಿಂತಾಗ ಹೊಡೀಬಾರ್ದು. ಕತ್ತು ಒಳಗೆ ಸೇರ್ಕೊಂಡಿರುತ್ತೆ, ಚರೆ ಎದೆ ಮಾಂಸಕ್ಕೆ ಹೋಗುತ್ತೆ. ಒಂದು ಗಟ್ಟಿ ಕ್ಲಕ್ ಹಾಕಿದ್ರೆ ಗರಿ ಇಳಿಸಿ ಕತ್ತು ಎತ್ತುತ್ತೆ. ಗುರಿ ಗರಿ ಮುಗಿದು ಬೋಳು ಚರ್ಮ ಶುರುವಾಗೋ ಕಡೆ. ಕೋವಿ ಎತ್ತೋದು ತಲೆ ಮರದ ಹಿಂದೆ ಹೋದಾಗ ಮಾತ್ರ.

ಈಡಿನ ಶಾಟ್ ಕತ್ತರಿಸಿದೆ. ಲೈಸೆನ್ಸ್ ಜೊತೆ ಕೊಡೋ ಚೀಟಿ, ಅದೇ ಟ್ಯಾಗ್, ತುಂಬಿಸಿ ಕಾಲಿಗೆ ಕಟ್ಟೋದು ಹಕ್ಕಿಯನ್ನ ಅಲ್ಲಿಂದ ಎತ್ತೋಕೆ ಮುಂಚೆ, ರಾಜ್ಯಕ್ಕೆ ವರದಿ ಹತ್ತು ದಿನದೊಳಗೆ.

ಈಗ ಉಣುಗು. ಮಲೆನಾಡಿನವರಿಗೆ ಉಣುಗು ಅಂದ್ರೆ ಮಂಗನ ಕಾಯಿಲೆ ನೆನಪಾಗುತ್ತೆ, ಇಲ್ಲಿ ಲೈಮ್ ಕಾಯಿಲೆ. ಮೇ ಕೊನೆಗೆ ಓಡಾಡೋದು ಮರಿ ಉಣುಗು, ಗಸಗಸೆ ಕಾಳಿನಷ್ಟು. ಬಟ್ಟೆಗೆ, ಬೂಟಿಗೆ 0.5 ಪರ್ಸೆಂಟ್ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಹಿಂದಿನ ದಿನವೇ ಹೊಡೆದು ಒಣಗಿಸಿ. ಒಣಗೋವರೆಗೆ ಬೆಕ್ಕು ಹತ್ತಿರ ಬರ್ಬಾರ್ದು, ಅದಕ್ಕೆ ವಿಷ. ಮೈಗೆ ಹಚ್ಚೋಕೆ ಬೇರೆ ಔಷಧಿ, ಇದಲ್ಲ. ಕಚ್ಚಿದ್ರೆ ಮೊನೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೀರಿ, ಎಣ್ಣೆ ಹಾಕೋದು, ಬೆಂಕಿಕಡ್ಡಿ ಇಡೋದು ಬೇಡ.

ಈ ಬಿಸಿಲಲ್ಲಿ ಹಕ್ಕಿ ಜೊತೆ ಅರ್ಧ ಗಂಟೆ ಫೋಟೋ ತೆಗೀತಾ ಕೂರ್ಬೇಡಿ. ಕರುಳು ತಕ್ಷಣ ತೆಗೆದು, ಐಸ್ ಬಾಕ್ಸಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಿ, ಐಸ್ ನೀರಲ್ಲಿ ಮಾಂಸ ನೆನೀಬಾರ್ದು. ಎದೆ ಮೇಲ್ಭಾಗದಲ್ಲಿ ಹಳದಿ ಕೊಬ್ಬಿನ ಗೆಡ್ಡೆ ಇರುತ್ತೆ, ವಸಂತ ಪೂರ್ತಿ ಹುಂಜ ಅದರಿಂದಲೇ ಬದುಕೋದು, ಈಗ ಬಹುಪಾಲು ಕರಗಿದೆ. ಉಳಿದಿದ್ದನ್ನ ಕಿತ್ತು ಬಿಸಾಕಿ, ವಾಸನೆ. ಎದೆ ಬೇಗ ಬೇಯುತ್ತೆ, ಒಳಗೆ 74 ಡಿಗ್ರಿ ಬಂದ ತಕ್ಷಣ ಇಳಿಸಿ, ಜಾಸ್ತಿ ಹೊತ್ತು ಇಟ್ರೆ ಒಣ ಕಟ್ಟಿಗೆ. ಕಾಲನ್ನ ಇಲ್ಲಿಯವರು ಬಹಳಷ್ಟು ಜನ ಎಸೀತಾರೆ, ಅದೊಂದು ಪಾಪ. ನರ ಗಟ್ಟಿ ಅಷ್ಟೆ. ಕುಕ್ಕರಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ನರ ಎಳೆದು ಹಾಕಿ, ಧನಿಯಾ ಮೆಣಸು ಕಾಯಿ ರುಬ್ಬಿದ ಮಸಾಲೆ ಹಾಕಿದ್ರೆ ಮುದ್ದೆಗೆ ನಾಟಿ ಕೋಳಿ ಸಾರಿಗಿಂತ ಮೇಲು. ಸರಿ, ಸಮ ಅಂತಿಟ್ಕೊಳ್ಳಿ.

ಎಚ್-1ಬಿ ವೀಸಾದವರು ಕೇಳ್ತಾನೇ ಇರ್ತೀರಿ. ಫೆಡರಲ್ ಕಾನೂನಲ್ಲಿ ನಿಮಗೆ ಕೋವಿ ನಿಷಿದ್ಧ, ಆದ್ರೆ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗೀತು. ಮೊದಲ ಸಲದ ಲೈಸೆನ್ಸಿಗೆ ಹಂಟರ್ ಎಜುಕೇಶನ್ ಕೋರ್ಸ್ ಆಗಿರ್ಬೇಕು. ಕೋವಿ ಕೊಳ್ಳೋಕೆ ಮುಂಚೆ ವಕೀಲರ ಹತ್ರ ಒಂದ್ಸಲ ಕೇಳಿ, ಒಂದು ಹಕ್ಕಿಗೋಸ್ಕರ ವೀಸಾ ಕಳ್ಕೊಬೇಡಿ. ಮೆಮೊರಿ ಕಾರ್ಡ್ ತುಂಬಿತು, ಕುಕ್ಕರಿನ ಭಾಗ ಬೇರೆ ವಿಡಿಯೋದಲ್ಲಿ ಹಾಕ್ತೀನಿ.