ಜೀರಿಗೆಗೆ ಲೆಕ್ಕ ಬರುತ್ತಾ? ಒಂದು ಪುಟಾಣಿ ಪ್ರಶ್ನೆ, ಒಂದು ತಟ್ಟು ಕುದುರೆ

[ದೃಶ್ಯ: ಮನೆ ಅಂಗಳ. ಬಿಳಿ ತಟ್ಟು ಬಲಗಾಲಿನ ಗೊರಸಿನಿಂದ ನೆಲ ತಟ್ಟುತ್ತಿದೆ. ಮಕ್ಕಳು ಒಟ್ಟಿಗೆ ಎಣಿಸುತ್ತಿದ್ದಾರೆ. ಐದಕ್ಕೆ ಕಾಲು ನಿಲ್ಲುತ್ತದೆ. ಚಪ್ಪಾಳೆ.]

ನಮಸ್ಕಾರ. ಮೂರಕ್ಕೆ ಎರಡು ಕೂಡಿದ್ರೆ ಎಷ್ಟು ಅಂದಿದ್ದಕ್ಕೆ ಐದು ಸಲ ನೆಲ ತಟ್ಟಿ ನಿಂತಳಲ್ಲ, ಇವಳೇ ನಮ್ಮ ಜೀರಿಗೆ. ಕುಣಿಗಲ್ ಹತ್ತಿರ ನಮ್ಮೂರು. ಸಂಜೆ ಶಾಲೆ ಬಿಟ್ರೆ ಅರ್ಧ ಊರಿನ ಮಕ್ಕಳು ನಮ್ಮ ಅಂಗಳದಲ್ಲೇ.

ಹೋದ ತಿಂಗಳು ಹೀಗೇ ಆಟ ನಡೀತಾ ಇತ್ತು. ಎಲ್ಲರೂ ಚಪ್ಪಾಳೆ ಹೊಡೀತಿದ್ರೆ ಒಂದು ಹುಡುಗಿ, ಮೂರನೇ ಕ್ಲಾಸ್ ಇರಬೇಕು, ಸುಮ್ಮನೆ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದಳು: "ಅಕ್ಕಾ, ಇದಕ್ಕೆ ನಿಜವಾಗ್ಲೂ ಲೆಕ್ಕ ಬರುತ್ತಾ?" ಆಮೇಲೆ ದನಿ ತಗ್ಗಿಸಿ ಇನ್ನೊಂದು: "ಹೊಡೆದು ಕಲಿಸಿದ್ರಾ?"

ಮೊದಲನೇ ಪ್ರಶ್ನೆಗೆ ನಗು ಬಂತು. ಎರಡನೇದು ರಾತ್ರಿಯೆಲ್ಲ ಕಾಡ್ತು. ಇವತ್ತಿನ ವಿಡಿಯೋ ಆ ಮಗುವಿಗೆ ಉತ್ತರ.

ಮೊದಲು ಬೇಗ ಬೇಗ ಗುರುತು-ಪರಿಚಯ. ತಟ್ಟು ಅಂದ್ರೆ ಕುದುರೆ ಮರಿ ಅಲ್ಲ. ಬೆಳೆದು ನಿಂತರೂ ಹೆಗಲ ಹತ್ತಿರ 58 ಇಂಚು ದಾಟದ ಕುದುರೆಯನ್ನ ಸಾಮಾನ್ಯವಾಗಿ ತಟ್ಟು ಅಂತ ಲೆಕ್ಕ ಹಿಡೀತಾರೆ. ನಮ್ಮ ಜೀರಿಗೆ 48 ಇಂಚು, ಅಂದ್ರೆ ಸರಿಯಾಗಿ ನಾಲ್ಕು ಅಡಿ. ಕುಣಿಗಲ್ ಅಂದ ತಕ್ಷಣ ನಿಮಗೆ ಕುದುರೆ ಫಾರಂ ನೆನಪಾಗುತ್ತೆ. ಟಿಪ್ಪು ಸುಲ್ತಾನನ ದಂಡಿಗೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳ ತವರು. ಆ ಉದ್ದ ಕಾಲಿನ ಕುದುರೆಗಳ ಊರಲ್ಲಿ ಈ ಗಿಡ್ಡಿ ನಮ್ಮ ಮನೆಗೆ ಬಂದು ನಾಲ್ಕು ವರ್ಷ ಆಯ್ತು.

ಹೆಸರು ಯಾಕೆ ಜೀರಿಗೆ? ಹತ್ತಿರದಿಂದ ನೋಡಿ.

[ದೃಶ್ಯ: ಕತ್ತಿನ ಮೇಲಿನ ಕಂದು ಚುಕ್ಕೆಗಳು, ತೀರಾ ಹತ್ತಿರದಿಂದ.]

ಮಜ್ಜಿಗೆ ಮೇಲೆ ಒಗ್ಗರಣೆ ಜೀರಿಗೆ ತೇಲಿದ ಹಾಗಿಲ್ವಾ? ಈ ಜಾತಿ ಬಣ್ಣದ ಕುದುರೆಗಳು ಹುಟ್ಟುವಾಗ ಬಿಳಿ ಇರಲ್ಲ, ಕಪ್ಪೋ ಕಂದೋ ಇರ್ತವೆ. ವಯಸ್ಸಾದ ಹಾಗೆ ಕೂದಲು ಬೆಳ್ಳಗಾಗ್ತಾ ಹೋಗುತ್ತೆ. ಕೆಲವಕ್ಕೆ ಕೊನೆಗೆ ಈ ಚುಕ್ಕೆ ಮೂಡುತ್ತವೆ.

ಇವಳು ಮೊದಲು ಮದುವೆ ಮೆರವಣಿಗೆಯಲ್ಲಿದ್ದವಳು. ಮುಂದೆ ಬ್ಯಾಂಡು, ಹಿಂದೆ ಪಟಾಕಿ, ಮೇಲೆ ಮದುಮಗ. ನಮ್ಮಲ್ಲಿಗೆ ಬಂದ ಮೊದಲ ದಿನ ಬೆಳಿಗ್ಗೆ ನಾನು ಇವಳ ಪಕ್ಕ ನಿಂತು ಕೂದಲು ಗಂಟು ಹಾಕ್ಕೊಳ್ಳೋಕೆ ಅಂತ ಕೈ ಎತ್ತಿದೆ. ಅಷ್ಟೇ. ಇಡೀ ಮೈ ಮುದುರಿ, ಕಣ್ಣಿನ ಬಿಳಿ ಕಾಣೋ ಹಾಗೆ ಕತ್ತು ತಿರುಗಿಸಿ, ಹಗ್ಗ ಬಿಗಿಯೋವರೆಗೂ ಹಿಂದೆ ಸರಿದಳು. ಎತ್ತಿದ ಕೈ ಅಂದ್ರೆ ಏನು ಅಂತ ಇವಳಿಗೆ ಯಾರೋ ಆಗಲೇ ಕಲಿಸಿದ್ರು. ಈ ಕೈ ವಿಷಯ ನೆನಪಿಟ್ಟುಕೊಳ್ಳಿ, ವಾಪಸ್ ಬರ್ತೀನಿ.

ಈಗ ಲೆಕ್ಕ.

ನಾನು ಇವಳಿಗೆ ಕಲಿಸಿದ್ದು ಎರಡೇ. ಗೊರಸಿನ ಕಡೆ ಬೆರಳು ತೋರಿಸಿದ್ರೆ ತಟ್ಟೋಕೆ ಶುರು ಮಾಡಬೇಕು. ನಾನು "ಸೈ!" ಅಂದ್ರೆ ನಿಲ್ಲಿಸಿ ಗಜ್ಜರಿ ತುಂಡು ತಗೋಬೇಕು. ಕೆಲವು ವಾರ ಹೀಗೆ ನಡೀತು. ಒಂದು ದಿನ ಐದಾಯ್ತು, ಇನ್ನೂ ನನ್ನ ಬಾಯಿಂದ "ಸೈ" ಬಂದೇ ಇಲ್ಲ, ಇವಳು ನಿಲ್ಲಿಸಿ ಕತ್ತು ಚಾಚಿಬಿಟ್ಟಳು. ಮಾರನೇ ದಿನ ಏಳಕ್ಕೂ ಹಾಗೇ. ನನ್ನ ತಮ್ಮ ಅಂತೂ "ಅಕ್ಕ, ಇವಳಿಗೆ ಎಣಿಕೆ ಬಂತು ಕಣೇ" ಅಂತ ಊರೆಲ್ಲ ಸಾರಿದ.

ನಾವಿಬ್ಬರೂ ಒಂದು ಪರೀಕ್ಷೆ ಮಾಡಿದ್ವಿ. ನಾನು ಕೊಟ್ಟಿಗೆ ಗೋಡೆ ಹಿಂದೆ ಕೂತೆ. ತಮ್ಮ ಒಂದು ಚೀಟಿ ಎತ್ತಿ, ಅದರಲ್ಲಿರೋ ಅಂಕಿ ತಾನೂ ನೋಡದೆ, ಬೆರಳು ತೋರಿಸಿದ. ಜೀರಿಗೆ ತಟ್ಟಿದಳು. ಐದು, ಆರು, ಒಂಬತ್ತು, ಹನ್ನೊಂದು... ಕಿವಿ ಒಂದು ಗೋಡೆ ಕಡೆ, ಒಂದು ತಮ್ಮನ ಕಡೆ. ನಿಲ್ಲಿಸೋದು ಎಲ್ಲಿ ಅಂತ ಗೊತ್ತಾಗ್ತಿಲ್ಲ ಪಾಪ. ಚೀಟಿಯಲ್ಲಿದ್ದಿದ್ದು ನಾಲ್ಕು.

ಆಮೇಲೆ ನಾನು ಎದುರು ನಿಂತು ಮುಖದ ಮೇಲೆ ದುಪಟ್ಟಾ ಹೊದ್ಕೊಂಡೆ. ಕಣ್ಣು, ಬಾಯಿ ಏನೂ ಕಾಣಲ್ಲ. ಆದ್ರೂ ಸರಿಯಾಗಿ ನಿಲ್ಲಿಸಿದಳು! ಕೊನೆಗೆ ಮೊಬೈಲಲ್ಲಿ ನನ್ನನ್ನೇ ವಿಡಿಯೋ ಮಾಡಿಸಿ, ನಿಧಾನ ಮಾಡಿ ನೋಡಿದಾಗ ಸಿಕ್ಕಿಬಿತ್ತು.

[ದೃಶ್ಯ: ನಿಧಾನ ಚಲನೆ. ಭುಜದ ಮೇಲೆ ವೃತ್ತ. ಐದನೇ ತಟ್ಟಿಗೆ ಭುಜ ಒಂದು ಕೂದಲೆಳೆ ಇಳಿಯುತ್ತದೆ.]

ಉಸಿರು. ಎಣಿಸೋವಾಗ ನಾನು ಉಸಿರು ಹಿಡಿದಿರ್ತೀನಿ. ಐದು ಆಯ್ತು ಅಂದ ತಕ್ಷಣ ಬಿಡ್ತೀನಿ. ಭುಜ ಇಷ್ಟೇ ಇಷ್ಟು ಇಳಿಯುತ್ತೆ. ನನಗೇ ಗೊತ್ತಿರಲಿಲ್ಲ, ಪಕ್ಕದಲ್ಲಿ ನಿಂತ ತಮ್ಮನಿಗೂ ಕಂಡಿರಲಿಲ್ಲ. "ಸೈ" ಬರೋಕ್ಕೂ ಮೊದಲು ಯಾವಾಗಲೂ ಆ ಉಸಿರು ಬರುತ್ತೆ ಅಂತ ಇವಳು ತಾನೇ ಹುಡುಕ್ಕೊಂಡಿದ್ದಾಳೆ. ಬೇಕಂತಲೇ ಉಸಿರು ಹಿಡಿದು ನಿಂತೆ. ತಟ್ಟುತ್ತಲೇ ಇದ್ದಳು, ಹದಿನಾಲ್ಕಕ್ಕೆ ನನಗೇ ತಡೀಲಿಲ್ಲ, ಉಸ್ ಅಂದೆ. ಟಕ್ ಅಂತ ನಿಂತಳು!

ಇದನ್ನ ಮೊದಲು ಕಂಡಿದ್ದು ನಾವಲ್ಲ. ಜರ್ಮನಿಯ ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಅಂತ ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಹಾನ್ಸ್ ಅನ್ನೋ ಕುದುರೆ ಸಾಕಿದ್ರು. ಕೂಡೋದು, ಕಳೆಯೋದು, ತಾರೀಖು ಹೇಳೋದು, ಎಲ್ಲಕ್ಕೂ ಹಾನ್ಸ್ ಗೊರಸು ತಟ್ಟಿ ಉತ್ತರ ಕೊಡ್ತಿತ್ತು. 1904ರಲ್ಲಿ ಒಂದು ಸಮಿತಿ ಕೂತ್ಕೊಂಡು ಪರೀಕ್ಷೆ ಮಾಡ್ತು. ಪಶುವೈದ್ಯರು, ಸರ್ಕಸ್‌ನವರು, ಮೇಷ್ಟ್ರುಗಳು, ಹೀಗೆ ಕಣ್ಣು ಪಳಗಿದ ಜನವೇ ಇದ್ದ ಸಮಿತಿ. ಅವರು ಎಷ್ಟು ಹುಡುಕಿದ್ರೂ ಮೋಸ ಸಿಗಲಿಲ್ಲ. ಯಾಕಂದ್ರೆ ಮೋಸ ಇರಲೇ ಇಲ್ಲ.

ಆಮೇಲೆ ಓಸ್ಕರ್ ಫುಂಗ್ಸ್ಟ್ ಅನ್ನೋ ಮನಶ್ಶಾಸ್ತ್ರಜ್ಞರು ನಾವು ಮಾಡಿದ ಹಾಗೇ, ಆದ್ರೆ ನಮಗಿಂತ ನೂರು ಪಾಲು ಅಚ್ಚುಕಟ್ಟಾಗಿ ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಹೇಳಿದ್ರು. ಕೇಳೋರಿಗೇ ಉತ್ತರ ಗೊತ್ತಿಲ್ಲದಿದ್ರೆ ಹಾನ್ಸ್‌ಗೂ ಗೊತ್ತಿಲ್ಲ. ಕೇಳೋರು ಕಾಣದ ಹಾಗೆ ಕಣ್ಣುಪಟ್ಟಿ ಕಟ್ಟಿದ್ರೂ ಅಷ್ಟೇ. ಪ್ರಶ್ನೆ ಕೇಳಿದವರು ಗೊರಸು ನೋಡೋಕೆ ತಲೆ ಚೂರು ಬಗ್ಗಿಸ್ತಾರೆ, ಸರಿಯಾದ ಅಂಕಿಗೆ ಬಂದ ಕೂಡಲೇ ಅವರಿಗೇ ಅರಿವಿಲ್ಲದೆ ತಲೆ ಚೂರು ಮೇಲೇಳುತ್ತೆ. ಹಾನ್ಸ್ ಓದ್ತಿದ್ದಿದ್ದು ಅದನ್ನ.

ನನಗೆ ಮೈ ಜುಮ್ ಅನ್ನಿಸಿದ ಭಾಗ ಇದು: ಫುಂಗ್ಸ್ಟ್ ಆಮೇಲೆ ತಾವೇ ಕುದುರೆ ಜಾಗದಲ್ಲಿ ಕೂತರು. ಎದುರಿಗಿದ್ದವರಿಗೆ "ಮನಸ್ಸಲ್ಲಿ ಒಂದು ಅಂಕಿ ಇಟ್ಕೊಳ್ಳಿ" ಅಂದು, ತಾವು ಕೈಯಿಂದ ತಟ್ಟುತ್ತಾ ಅವರ ತಲೆಯನ್ನೇ ನೋಡ್ತಾ, ಸರಿಯಾದ ಅಂಕಿಗೆ ನಿಲ್ಲಿಸೋದನ್ನ ಕಲಿತರು. ಅಷ್ಟೆಲ್ಲ ಗೊತ್ತಿದ್ದೂ, ಹಾನ್ಸ್ ಮುಂದೆ ನಿಂತಾಗ ತಮ್ಮ ತಲೆ ಅಲ್ಲಾಡೋದನ್ನ ಪೂರ್ತಿ ತಡೆಯೋಕೆ ಅವರಿಗೂ ಆಗಲಿಲ್ಲ.

ಈ ಕಥೆಯನ್ನ ಎಲ್ಲರೂ "ಕುದುರೆಗೆ ಲೆಕ್ಕ ಬರಲ್ಲ ಅಂತ ಬಯಲಾಯ್ತು" ಅಂತ ಮುಗಿಸ್ತಾರೆ. ನಾನು ಒಪ್ಪಲ್ಲ. ಅಷ್ಟು ಜನ ತಿಳಿದವರು ನಿಂತು ನೋಡಿದ್ರೂ ಕಾಣದ್ದನ್ನ ಆ ಕುದುರೆ ಕಂಡಿತ್ತು. ಐದು ಎಣಿಸೋದು ದೊಡ್ಡದೋ, ಎದುರಿಗಿರೋ ಮನುಷ್ಯ ಉಸಿರು ಬಿಟ್ಟಿದ್ದನ್ನ ಗಮನಿಸೋದು ದೊಡ್ಡದೋ? ನನ್ನ ಮನೇಲಿ ನಾನು ಯಾವಾಗ ಉಸಿರು ಹಿಡಿದಿದ್ದೀನಿ ಅಂತ ಗೊತ್ತಿರೋದು ಒಬ್ಬಳಿಗೇ. ಅವಳಿಗೆ ನಾಲ್ಕು ಕಾಲು.

ಪುಟ್ಟಿ, ನಿನ್ನ ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ಲೆಕ್ಕ ಬರಲ್ಲ. ನಾವು ಬರ್ತೀವಿ ಅವಳಿಗೆ, ಚೆನ್ನಾಗಿ.

ಹೇಗೆ ಇಷ್ಟು ಕಾಣುತ್ತೆ? ಕುದುರೆ ಕಣ್ಣು ತಲೆಯ ಎರಡು ಪಕ್ಕ ಇರೋದ್ರಿಂದ ಸುಮಾರು 350 ಡಿಗ್ರಿ ನೋಟ. ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ ಬಿಟ್ರೆ ಸುತ್ತಲೂ ಕಾಣುತ್ತೆ. ನಮ್ಮ ತಾತ ತುಮಕೂರಲ್ಲಿ ಜಟಕಾ ಓಡಿಸ್ತಿದ್ರು. ಕುದುರೆಗೆ ಕಣ್ಣುಪಟ್ಟಿ ಕಟ್ಟೋದು ಅದಕ್ಕೇ, ಇಲ್ಲಾಂದ್ರೆ ಹಿಂದಿನ ಚಕ್ರವೂ ಕಾಣುತ್ತೆ, ಬೆಚ್ಚುತ್ತೆ.

ತಾತನ ನೆನಪಾದಾಗ ಇನ್ನೊಂದು ಹೇಳಲೇಬೇಕು. ಬಹುಮಾನ ಕೊಟ್ಟು ಕಲಿಸೋ ಪದ್ಧತಿಯಲ್ಲಿ, ಪ್ರಾಣಿ ಸರಿ ಮಾಡಿದ ಕ್ಷಣಕ್ಕೇ ಒಂದು ಸದ್ದು ಮಾಡಬೇಕು, ಆಮೇಲೆ ತಿಂಡಿ. ಸದ್ದು ತಡವಾದ್ರೆ ಯಾವುದಕ್ಕೆ ತಿಂಡಿ ಸಿಕ್ತು ಅಂತ ಅದಕ್ಕೆ ತಿಳಿಯಲ್ಲ. ನಾನು ಮೊದಲು ನಾಲಿಗೆ ಲೊಚಗುಟ್ಟಿ ಸದ್ದು ಮಾಡ್ತಿದ್ದೆ. ಪ್ರತಿ ಸಲವೂ ಜೀರಿಗೆ ಮುಂದಕ್ಕೆ ನಡೆದುಬಿಡೋಳು! ತಾತ ಜಗಲಿ ಮೇಲಿಂದ ನಗ್ತಾ, "ಅದು 'ಹೊರಡು' ಅನ್ನೋ ಸದ್ದಲ್ಲವೇನಮ್ಮ, ಜಟಕಾದವರೆಲ್ಲ ಕುದುರೆ ಹೊರಡಿಸೋದೇ ಹಾಗೆ" ಅಂದ್ರು. "ಸೈ" ಅನ್ನು ಅಂತ ಹೇಳಿಕೊಟ್ಟವರೂ ಅವರೇ.

ಈಗ ಎತ್ತಿದ ಕೈಗೆ ಬರೋಣ.

ಹೆದರಿಕೆ ಹೋಗಲಿ ಅಂತ ಕೈ ಎತ್ತೋದನ್ನೇ ಬಿಟ್ಟಿದ್ರೆ ಸಾಕಾಗ್ತಿರಲಿಲ್ಲ. ಊರಲ್ಲಿ ಯಾರೋ ಒಬ್ಬರು ಕೈ ಎತ್ತೇ ಎತ್ತುತ್ತಾರೆ. ಅದಕ್ಕೆ ಆ ಕೈಯ ಅರ್ಥವನ್ನೇ ಬದಲಾಯಿಸೋಣ ಅಂದುಕೊಂಡೆ. ಹತ್ತು ಹೆಜ್ಜೆ ದೂರ ನಿಂತು ಕೈಯನ್ನ ಸೊಂಟದವರೆಗೆ ಎತ್ತೋದು. ಸುಮ್ಮನೆ ನಿಂತಳಾ? ಸೈ, ಗಜ್ಜರಿ. ಮಾರನೇ ದಿನ ಎದೆವರೆಗೆ. ಒಂದು ದಿನ ಭುಜಕ್ಕೆ ಬಂದಾಗ ಕಿವಿ ಹಿಂದೆ ಹೋಯ್ತು. ಮತ್ತೆ ಸೊಂಟಕ್ಕೆ ಇಳಿಸಿದೆ. ತಲೆ ಮೇಲಕ್ಕೆ ಕೈ ಎತ್ತೋಕೆ ಹತ್ತಿರ ಹತ್ತಿರ ಎರಡು ತಿಂಗಳು.

ಅದೇ ಹೊತ್ತಲ್ಲಿ ನಮಸ್ಕಾರ ಕಲಿಸ್ತಿದ್ದೆ. ಗಜ್ಜರಿಯನ್ನ ಮುಂಗಾಲುಗಳ ನಡುವೆ ಹಿಡಿದು, ಮೂಗು ಅದರ ಹಿಂದೆ ಹೋದ ಹಾಗೆ ಚೂರು ಚೂರೇ ಕೆಳಗೆ, ಹಿಂದಕ್ಕೆ. ತಲೆ ಬಗ್ಗಿತು, ಸೈ. ಒಂದು ಮುಂಗಾಲು ಮುಂದೆ ಚಾಚಿತು, ಸೈ ಸೈ. ಕಾಲು ಹಿಡಿದು ಎಳೆಯೋದು, ಹಗ್ಗ ಕಟ್ಟಿ ಮಂಡಿ ಊರಿಸೋದು, ಯಾವುದೂ ಇಲ್ಲ. ಬೇಡ ಅನ್ನಿಸಿದ ದಿನ ಅವಳು ತಿರುಗಿ ಹುಲ್ಲಿನ ಕಡೆ ಹೋಗ್ತಿದ್ದಳು, ಪಾಠ ಅಲ್ಲಿಗೇ ಮುಗೀತು. ಕೊನೆಗೆ ಎರಡನ್ನೂ ಒಂದುಗೂಡಿಸಿದೆ. ಎತ್ತಿದ ಕೈಯೇ ನಮಸ್ಕಾರದ ಸಂಜ್ಞೆ.

[ದೃಶ್ಯ: ಕೈ ಮೇಲೆ ಹೋಗುತ್ತದೆ. ಜೀರಿಗೆ ಮುಂಗಾಲು ಚಾಚಿ ಬಾಗುತ್ತಾಳೆ.]

ಪುಟ್ಟಿ, ನೋಡಿದೆಯಾ? ಹೊಡೆದು ಕಲಿಸಿಲ್ಲಮ್ಮ. ಹೊಡೆತದಿಂದ ಕಲಿತಿದ್ದನ್ನ ಮರೆಸೋಕೆ ಕಲಿಸಿದ್ದು.

ಇನ್ನು, ಇವಳ ಜೊತೆ ಬದುಕೋದು ಅಂದ್ರೆ ಬರೀ ಆಟ ಅಲ್ಲ. ಬೆಳಿಗ್ಗೆ ಐದೂವರೆಗೆ ಮೈ ಉಜ್ಜೋ ಹೊತ್ತು ನನ್ನ ದಿನದ ಅತಿ ಒಳ್ಳೆ ಹೊತ್ತು. ಕತ್ತು ಹೆಗಲು ಕೂಡೋ ಜಾಗ ಇದೆಯಲ್ಲ, ಅಲ್ಲಿ ಉಗುರಿಂದ ಕೆರೆದ್ರೆ ಮೇಲ್ದುಟಿ ಉದ್ದ ಆಗಿ ಅದುರುತ್ತೆ, ಕಣ್ಣು ಅರ್ಧ ಮುಚ್ಚುತ್ತೆ, ಆಮೇಲೆ ತಿರುಗಿ ನನ್ನ ಭುಜವನ್ನೇ ತುಟಿಯಿಂದ ಕೆರೆಯೋಕೆ ಶುರು. ಕುದುರೆಗಳು ತಮ್ಮತಮ್ಮಲ್ಲಿ ಮಾಡ್ಕೊಳ್ಳೋದೇ ಹೀಗೆ. ಅದೇ ಜಾಗದಲ್ಲಿ ಕೆರೆದಾಗ ಕುದುರೆಯ ಎದೆಬಡಿತ ಇಳಿಯುತ್ತೆ ಅಂತ ಫ್ರಾನ್ಸ್‌ನ ಸಂಶೋಧಕರು 1993ರಲ್ಲೇ ಅಳೆದು ತೋರಿಸಿದ್ದಾರೆ. ನನ್ನದೂ ಇಳಿಯುತ್ತೆ, ಅದಕ್ಕೆ ಯಂತ್ರ ಬೇಡ.

ಗೇಟಿಗೆ ಒಂದು ಗಂಟೆ ಕಟ್ಟಿದ್ದೀವಿ. ಹೊರಗೆ ಹೋಗಬೇಕು ಅಂದ್ರೆ ಹಗ್ಗ ಎಳೆದು ಬಾರಿಸ್ತಾಳೆ. ಇದು ಅತಿ ಅನ್ನಿಸಿದ್ರೆ ನಾರ್ವೆ ಕಥೆ ಕೇಳಿ. 2016ರಲ್ಲಿ ಪ್ರಕಟವಾದ ಅಧ್ಯಯನ: 23 ಕುದುರೆಗಳಿಗೆ ಮೂರು ಹಲಗೆಯ ಅರ್ಥ ಕಲಿಸಿದ್ರು. ಅಡ್ಡಗೆರೆ ಅಂದ್ರೆ "ಕಂಬಳಿ ಹೊದಿಸು", ಉದ್ದಗೆರೆ ಅಂದ್ರೆ "ತೆಗೆ", ಖಾಲಿ ಹಲಗೆ ಅಂದ್ರೆ "ಇದ್ದ ಹಾಗೇ ಇರಲಿ". ಎರಡು ವಾರದೊಳಗೆ ಎಲ್ಲವೂ ಕಲಿತವು. ಬಿಸಿಲಿದ್ದ ದಿನ "ತೆಗೆ" ಅಂದವು, ಚಳಿಮಳೆ ದಿನ "ಹೊದಿಸು" ಅಂದವು. ತನ್ನ ಮಾತು ನಡೆಯುತ್ತೆ ಅಂತ ಗೊತ್ತಾದ ಕುದುರೆ ಮಾತಾಡುತ್ತೆ. ನಮ್ಮವಳು ರಾತ್ರಿ ಎರಡೂವರೆಗೂ ಮಾತಾಡ್ತಾಳೆ, ಅಕ್ಕಪಕ್ಕದವರು ಕ್ಷಮಿಸಿದ್ದಾರೆ.

ಸಮಯ ಆಗ್ತಾ ಬಂತು, ಉಳಿದಿದ್ದನ್ನ ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ. ವಿಡಿಯೋ ನೋಡಿ ತಟ್ಟು ತರೋಣ ಅಂದುಕೊಂಡವರು ದಯವಿಟ್ಟು ಇದನ್ನ ಬಿಡಬೇಡಿ. 25 ವರ್ಷ ದಾಟಿ ಬದುಕೋ ಪ್ರಾಣಿ ಇದು. ಹೊಟ್ಟೆ ತುಂಬ ಬೇಕಾಗಿರೋದು ಹುಲ್ಲು. ಹುರುಳಿ, ಬೆಲ್ಲ ಪ್ರೀತಿ ಅಂತ ಸುರಿದ್ರೆ ತಟ್ಟುಗಳಿಗೆ ಗೊರಸಿನೊಳಗೆ ಬಾವು ಬಂದು ನಿಲ್ಲೋಕೂ ಆಗಲ್ಲ. ಬಹುಮಾನದ ಗಜ್ಜರಿ ಬೆರಳುಗಾತ್ರ ಸಾಕು. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆನೋವು ಅಂದ್ರೆ ಮನೆಮದ್ದು ನೋಡದೆ ತಕ್ಷಣ ಡಾಕ್ಟರ್. ಧನುರ್ವಾಯು ಲಸಿಕೆ ತಪ್ಪಿಸಬೇಡಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಜನರ ಮುಂದೆ ಪ್ರದರ್ಶನ ಮಾಡಿಸೋದಿದ್ರೆ ಪ್ರದರ್ಶನ ಪ್ರಾಣಿಗಳ ಬಗ್ಗೆ ಇರೋ 2001ರ ಸರ್ಕಾರಿ ನಿಯಮದ ಪ್ರಕಾರ ನೋಂದಣಿ ಬೇಕು. ನಾವು ಜೀರಿಗೆಯನ್ನ ಕಾಸಿಗೆ ಕುಣಿಸಲ್ಲ. ಮತ್ತೆ, ಸಿಟ್ಟು ಬಂದಿದ್ರೆ ಆ ದಿನ ಪಾಠ ಬೇಡ. ಸಿಟ್ಟಿನ ಮುಖದ ಬರೀ ಫೋಟೊ ನೋಡಿದ್ರೂ ಕುದುರೆಗಳ ಎದೆಬಡಿತ ಏರುತ್ತೆ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ.

ಕೊನೆಗೆ ಹೋದ ವಾರದ ಒಂದು ವಿಷಯ. ಜೀರಿಗೆಯನ್ನ ಕೆರೆ ಏರಿ ಮೇಲೆ ಕರ್ಕೊಂಡು ಬರ್ತಿದ್ದೆ. ಮುಂದೆ ಬಸ್ ಸ್ಟಾಪು. ಸೊಪ್ಪು ಮಾರಿ ಊರಿಗೆ ಹೊರಟಿದ್ದ ಒಬ್ಬರು ಅಜ್ಜಿ, ಬಸ್ಸು ಬಂತು ಅಂತ ಕೈ ಎತ್ತಿ ನಿಲ್ಲಿಸು ಅಂತ ಬೀಸಿದ್ರು. ಜೀರಿಗೆ ನಿಂತಳು. ರಸ್ತೆ ಪಕ್ಕದಲ್ಲೇ ಮುಂಗಾಲು ಚಾಚಿ, ಅಜ್ಜಿಗೆ ಪೂರ್ತಿ ಬಾಗಿ ನಮಸ್ಕಾರ ಮಾಡಿದಳು.

ಬಸ್ಸು ನಿಂತಿತ್ತು, ಒಳಗಿದ್ದವರೆಲ್ಲ ಕಿಟಕಿಯಲ್ಲಿ. ನನ್ನ ಜೇಬಲ್ಲಿ ಗಜ್ಜರಿ ಇರಲಿಲ್ಲ. "ಸೈ" ಅಂದೆ, ಖಾಲಿ ಕೈ ತೋರಿಸಿದೆ. ಅಜ್ಜಿ ಕುಕ್ಕೆ ಕೆಳಗಿಟ್ಟು, ತಳದಲ್ಲಿ ತಡಕಾಡಿ, ಮಾರದೆ ಉಳಿದಿದ್ದ ಒಂದು ಎಳೆ ಸೌತೆಕಾಯಿ ಮುರಿದು ಇವಳ ಬಾಯಿಗಿಟ್ಟು, "ಬದುಕ್ಕೋ ನನ್ನವ್ವ" ಅಂದು ಬಸ್ ಹತ್ತಿದ್ರು.