ತೊಗರಿ ಹೂವು ಮತ್ತು ಜೇನಿನ ಮರಿಹುಳು

ಕೇಳುಗರಿಗೆ ನಮಸ್ಕಾರ. ನಮ್ಮ ಕಲಬುರಗಿ ಕಡೆ ತೊಗರಿ ಹೂ ಬಿಟ್ಟಿದೆ. ಬಿಸಿಲೇರುವ ಹೊತ್ತಿಗೆ ಬದುವಿನ ಮೇಲೆ ನಿಂತರೆ ಗುಂಯ್ ಎನ್ನುವ ಸದ್ದು. ಹೂವಿನ ಮೇಲೆ ಓಡಾಡುವ ಜೇನು ಎಲ್ಲರಿಗೂ ಗೊತ್ತು. ಅದು ಒಯ್ಯುವ ಪರಾಗ ಯಾರಿಗೆ? ಗೂಡಿನೊಳಗೆ ಮರಿಹುಳುಗಳಿವೆ. ಇವತ್ತು ಅವುಗಳ ಸುದ್ದಿ.

ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ ಜೇನಿನ ಲೆಕ್ಕ ಹೇಳುತ್ತೇನೆ. ತತ್ತಿ 3 ದಿನಕ್ಕೆ ಒಡೆಯುತ್ತದೆ. ಹೊರಬರುವ ಹುಳುವಿಗೆ ಕಣ್ಣಿಲ್ಲ, ಕಾಲಿಲ್ಲ. ಬಾಯಿ, ಹೊಟ್ಟೆ, ಅಷ್ಟೇ. ಐದಾರು ದಿನ ತಿಂದದ್ದೇ ತಿಂದದ್ದು. ಅಷ್ಟರಲ್ಲಿ ತೂಕ ಸಾವಿರ ಪಟ್ಟಿಗಿಂತ ಜಾಸ್ತಿಯಾಗುತ್ತದೆ. 3 ಕೆಜಿಯ ಕೂಸು ವಾರದೊಳಗೆ 3 ಟನ್ ಆದ ಹಾಗೆ! ಇಷ್ಟು ತಿಂದರೂ ಕೋಣೆಯೊಳಗೆ ಹೊಲಸು ಮಾಡುವುದಿಲ್ಲ. ತಿನ್ನುವ ಕಾಲ ಮುಗಿಯುವವರೆಗೆ ಅದರ ಕರುಳಿನ ಹಿಂದಿನ ದಾರಿ ಮುಚ್ಚಿಯೇ ಇರುತ್ತದೆ.

ಇಷ್ಟು ಬೆಳೆದರೆ ಚರ್ಮ ಸಾಲಬೇಕಲ್ಲ. ಅದಕ್ಕೇ ಹೆಚ್ಚುಕಡಿಮೆ ದಿನಕ್ಕೊಮ್ಮೆ ಹಾವಿನಂತೆ ಪೊರೆ ಬಿಡುತ್ತದೆ. ಬಿಡು ಎಂದು ಹೇಳುವುದು ಎಕ್ಡೈಸೋನ್ ಎಂಬ ಹಾರ್ಮೋನ್. ಬಿಟ್ಟ ಮೇಲೆ ಏನಾಗಬೇಕು? ಅದನ್ನು ಹೇಳುವುದು ಜುವೆನೈಲ್ ಹಾರ್ಮೋನ್. ಮಿದುಳಿನ ಹಿಂದಿರುವ ಒಂದು ಜೋಡಿ ಪುಟ್ಟ ಗ್ರಂಥಿಗಳು ಇದನ್ನು ಸುರಿಸುತ್ತವೆ. ಇದು ಜಾಸ್ತಿ ಇದ್ದರೆ ಹುಳು ಹುಳುವಾಗಿಯೇ ಇರುತ್ತದೆ. ಇಳಿದರೆ ಕೋಶ, ಅಂದರೆ ರೆಕ್ಕೆ ಬರುವ ಮುಂಚಿನ ಹಂತ, ಆಗುವ ದಾರಿ ಹಿಡಿಯುತ್ತದೆ.

ಜೇನಿನಲ್ಲಿ ಇದಕ್ಕೆ ಇನ್ನೊಂದು ಕೆಲಸವೂ ಇದೆ. ರಾಣಿ, ಕೆಲಸಗಾರ್ತಿ ಇಬ್ಬರದೂ ಒಂದೇ ಬಗೆಯ ತತ್ತಿ. ಮೊದಲ ಮೂರು ದಿನ ಇಬ್ಬರಿಗೂ ದಾದಿ ಜೇನುಗಳ ತಲೆಯ ಗ್ರಂಥಿಗಳಿಂದ ಬಂದ ರಸ. ಆಮೇಲೆ ಕೆಲಸಗಾರ್ತಿಗೆ ಜೇನುತುಪ್ಪ, ಪರಾಗ ಬೆರೆತ ಊಟ. ರಾಣಿಗೆ ಮಾತ್ರ ಕೊನೆವರೆಗೂ ಗ್ರಂಥಿಯ ರಸವೇ, ಅಂದರೆ ರಾಯಲ್ ಜೆಲ್ಲಿ, ಅದೂ ಈಜುವಷ್ಟು. ಅದರಲ್ಲೇನೋ ಮಂತ್ರ ಇದೆ ಎಂದು ಬಾಟಲಿ ಮಾರುವವರು ಹೇಳುತ್ತಾರೆ. ಸುಮ್ನೆ ಮಾತು. ಮೊದಲ ದಿನಗಳಿಂದಲೇ ರಾಣಿಯ ರಸದಲ್ಲಿ ಸಕ್ಕರೆ ಜಾಸ್ತಿ. ಹಾಗಾಗಿ ಹುಳು ಇನ್ನೂ ತಿನ್ನುತ್ತದೆ. ಹೊಟ್ಟೆ ತುಂಬಿದ ಸುದ್ದಿ ಮುಟ್ಟಿ ಜುವೆನೈಲ್ ಹಾರ್ಮೋನ್ ಏರುತ್ತದೆ. ಆಗ ಅಂಡಾಶಯದ ನಳಿಕೆಗಳು ಉಳಿದುಕೊಳ್ಳುತ್ತವೆ. ರಾಣಿಯಲ್ಲಿ ಒಂದೊಂದು ಬದಿಗೆ 150ರ ಆಸುಪಾಸು. ಕೆಲಸಗಾರ್ತಿಯಲ್ಲಿ ಹಾರ್ಮೋನ್ ಕಡಿಮೆ, ನಳಿಕೆಗಳು ಸತ್ತು ಬೆರಳೆಣಿಕೆಯಷ್ಟೇ ಉಳಿಯುತ್ತವೆ. ಪ್ರಯೋಗಶಾಲೆಯಲ್ಲಿ ಸರಿಯಾದ ವಯಸ್ಸಿಗೆ ಕೆಲಸಗಾರ್ತಿ ಹುಳುವಿಗೆ ಈ ಹಾರ್ಮೋನ್ ಹಚ್ಚಿದರೆ ಅದು ರಾಣಿಯ ಲಕ್ಷಣ ತೋರಿಸುತ್ತದೆ! ತತ್ತಿಯಿಟ್ಟ 16ನೇ ದಿನಕ್ಕೆ ರಾಣಿ ಹೊರಗೆ, 21ಕ್ಕೆ ಕೆಲಸಗಾರ್ತಿ.

ಈಗ ಮತ್ತೆ ಹೊಲಕ್ಕೆ ಬರೋಣ. ತೊಗರಿಗೆ ಕಾಯಿ ಕೊರೆಯುವ ಕೀಡಿ ಬಿತ್ತೆಂದು ಎಣ್ಣೆ ಹೊಡೆಯುತ್ತೀರಿ ಅಲ್ವಾ? ಕೀಟನಾಶಕಗಳಲ್ಲಿ ಕೆಲವು ಈ ಹಾರ್ಮೋನುಗಳನ್ನೇ ಅಣಕಿಸುತ್ತವೆ, ಕೆಲವು ಹೊಸ ಪೊರೆ ಕಟ್ಟುವುದನ್ನೇ ತಡೆಯುತ್ತವೆ. ಹೂವಿಗೆ ಬರುವ ಬೆಳೆದ ಜೇನು ಪೊರೆ ಬಿಡುವ ವಯಸ್ಸು ದಾಟಿದೆ. ಅದು ಅಲ್ಲೇ ಬೀಳದೆ ಪರಾಗ ಹೊತ್ತು ಗೂಡಿಗೆ ಹೋಗಬಹುದು. ಪೆಟ್ಟು ಬೀಳುವುದು ಒಳಗಿನ ಹುಳುವಿಗೆ. ಹೊಲದಲ್ಲಿ ಸತ್ತ ಜೇನು ಕಾಣಲಿಲ್ಲ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ.

ಅಂಗಡಿಗೆ ಹೋದಾಗ ಕೀಡಿ ಸಾಯುತ್ತದಾ ಎಂದಷ್ಟೇ ಕೇಳಬೇಡಿ. ಹೂವಿದ್ದಾಗ ಹೊಡೆಯಬಹುದಾ ಎಂದೂ ಕೇಳಿ. ಹೊಡೆಯಲೇಬೇಕೆಂದಿದ್ದರೆ ಸಂಜೆ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಪಕ್ಕದ ಹೊಲದಲ್ಲಿ ಪೆಟ್ಟಿಗೆ ಇಟ್ಟವರಿಗೆ ಹಿಂದಿನ ದಿನವೇ ಒಂದು ಫೋನ್ ಮಾಡಿ. ನಮಸ್ಕಾರ.